ಸಂಘದ ಲೆಕ್ಕಪುಸ್ತಕದಿಂದ ಪಿಎಚ್‌ಡಿವರೆಗೆ: ಸಾರ್ವಜನಿಕ ಆಡಳಿತದ ಸಂಶೋಧಕರಾಗಲು ಮುಂಬಯಿಯಿಂದ ಒಂದು ದಾರಿ

ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ವಾರದಲ್ಲಿ ನನಗೆ ಒಂದೆರಡು ಫೋನ್ ಬಂದೇ ಬರುತ್ತವೆ. ಡೊಂಬಿವಲಿಯಿಂದ, ಮೀರಾ ರೋಡ್‌ನಿಂದ, ಒಮ್ಮೊಮ್ಮೆ ಪುಣೆಯಿಂದ. "ಅಕ್ಕಾ, ಪೊಲಿಟಿಕಲ್ ಸೈನ್ಸ್ ಮುಗೀತು. ಎನ್‌ಜಿಒಗಳ ಬಗ್ಗೆ, ಮಹಾನಗರ ಪಾಲಿಕೆ ಬಗ್ಗೆ ಸಂಶೋಧನೆ ಮಾಡ್ಬೇಕು ಅಂತ ಆಸೆ. ಮನೇಲಿ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ. ಏನ್ಮಾಡ್ಲಿ?" ಅರ್ಧ ಗಂಟೆ ಮಾತಾಡಿದರೂ ಮುಖ್ಯವಾದದ್ದೇ ಉಳಿದುಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ವಿಷಯ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಮನೆಯವರಿಗೆ ವಿವರಿಸಬೇಕಾದವರು ನೀವೇ. ಕಂಪನಿ ಲಾಭಕ್ಕೆ ನಡೆಯುತ್ತದೆ. ಆದರೆ ಪಾಲಿಕೆ ಆಸ್ಪತ್ರೆ, ರಾತ್ರಿ ಶಾಲೆ, ಟ್ರಸ್ಟು, ನಮ್ಮ ಸಂಘಗಳು ಲಾಭಕ್ಕೆ ನಡೆಯುವುದಿಲ್ಲ. ಹಾಗಿದ್ದರೂ ಅಲ್ಲಿ ದುಡ್ಡು ಬರುತ್ತದೆ, ಖರ್ಚಾಗುತ್ತದೆ, ಜನ ಕೆಲಸ ಮಾಡುತ್ತಾರೆ, ಜಗಳವೂ ಆಗುತ್ತದೆ. ಇವು ಹೇಗೆ ನಡೆಯುತ್ತವೆ, ಯಾಕೆ ಕೆಲವು ನೂರು ವರ್ಷ ಬಾಳುತ್ತವೆ, ಕೆಲವು ಯಾಕೆ ಮೂರೇ ವರ್ಷಕ್ಕೆ ಬಾಗಿಲು ಹಾಕುತ್ತವೆ? ಇದನ್ನು ಕ್ರಮವಾಗಿ ಹುಡುಕುವವರೇ ಈ ವಿಷಯದ ವಿದ್ವಾಂಸರು. ಸರ್ಕಾರದ ಕಡೆಯನ್ನು ಸಾರ್ವಜನಿಕ ಆಡಳಿತ ಅಂತಲೂ, ಸಂಘ-ಟ್ರಸ್ಟುಗಳ ಕಡೆಯನ್ನು ಲಾಭರಹಿತ ಸಂಸ್ಥೆಗಳ ನಿರ್ವಹಣೆ ಅಂತಲೂ ಕರೆಯುತ್ತಾರೆ. ಈಗ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ, ಪಾಲಿಕೆಯ ಎಷ್ಟೋ ಕೆಲಸವನ್ನು ಸಂಸ್ಥೆಗಳೇ ಮಾಡುತ್ತಿವೆ, ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ಕಷ್ಟ.

ಮೊದಲ ಹೆಜ್ಜೆಗೆ ಯಾವ ಅರ್ಜಿಯೂ ಬೇಡ

ಎಲ್ಲರೂ ಯಾವ ಕೋರ್ಸ್, ಯಾವ ಕಾಲೇಜು ಅಂತ ಶುರು ಮಾಡುತ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡಿ ಅನ್ನುತ್ತೇನೆ. ಒಂದು ಸಂಘವನ್ನು ಹತ್ತಿರದಿಂದ ನೋಡಿ.

ಮುಂಬಯಿ ಕನ್ನಡಿಗರಿಗೆ ಇದು ಮನೆಯ ಅಂಗಳದಲ್ಲೇ ಸಿಗುವ ಪಾಠಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು. ಊರಿಂದ ಬಂದು ಹೋಟೆಲಿನಲ್ಲಿ ಹಗಲೆಲ್ಲ ತಟ್ಟೆ ಎತ್ತುತ್ತಿದ್ದ ಹುಡುಗರಿಗೆ ರಾತ್ರಿ ಶಾಲೆ ನಡೆಸಿದ್ದು ಇಂಥ ಸಂಘಗಳು, ಇಂಥ ಮಂದಿ. ಇಷ್ಟು ದೀರ್ಘ ಬಾಳಿಕೆಯ ಸಂಸ್ಥೆಗಳು ನಮ್ಮ ಕಣ್ಣೆದುರೇ ಇರುವಾಗ ಉದಾಹರಣೆಗೆ ಅಮೆರಿಕದ ಪಠ್ಯಪುಸ್ತಕಕ್ಕೇ ಯಾಕೆ ಹೋಗಬೇಕು, ಅಲ್ವಾ?

ನನ್ನ ಅಪ್ಪ ಒಂದು ಚಿಕ್ಕ ಸಂಘದ ಗೌರವ ಕೋಶಾಧಿಕಾರಿಯಾಗಿದ್ದರು. ಭಾನುವಾರ ಊಟ ಆದ ಮೇಲೆ ಅಡುಗೆಮನೆಯ ನೆಲದ ಮೇಲೆ ರಸೀದಿ ಪುಸ್ತಕ ಹರಡಿ ಕೂರುತ್ತಿದ್ದರು. ಕಾರ್ಬನ್ ಹಾಳೆಯ ನೀಲಿ ಬೆರಳಿಗೆ ಅಂಟಿರುತ್ತಿತ್ತು. ನಾನು ನಂಬರ್ ಓದಬೇಕು, ಅವರು ಲೆಜರ್‌ನಲ್ಲಿ ಬರೆಯಬೇಕು. ಸೀಮೆಸುಣ್ಣ, ನೋಟ್ ಪುಸ್ತಕ ಮೂರು ಡಜನ್, ಜವಾನನಿಗೆ ದೀಪಾವಳಿ ಇನಾಮು. ಒಂದು ರಸೀದಿ ತಪ್ಪಿದರೂ ಅವತ್ತು ಏಳುವ ಹಾಗಿಲ್ಲ. "ಇದು ನಮ್ಮ ದುಡ್ಡಲ್ಲ ಮಗಾ" ಅನ್ನುತ್ತಿದ್ದರು. ಆಮೇಲೆ ಎಂ.ಎ. ಓದುವಾಗ ಹೆನ್ರಿ ಹ್ಯಾನ್ಸ್‌ಮನ್ ಅನ್ನುವ ಕಾನೂನು ವಿದ್ವಾಂಸರು 1980ರಲ್ಲಿ ಬರೆದ ವಾದ ಓದಿದೆ: ದುಡ್ಡು ಕೊಟ್ಟವನಿಗೆ ಅದು ಸರಿಯಾಗಿ ಬಳಕೆಯಾಯಿತೋ ಇಲ್ಲವೋ ನೋಡಲು ಆಗದ ಕಡೆ, ಲಾಭವನ್ನು ಯಾರಿಗೂ ಹಂಚುವಂತಿಲ್ಲ ಎಂಬ ಕಟ್ಟು ಇರುವ ಸಂಸ್ಥೆಯನ್ನೇ ಜನ ನಂಬುತ್ತಾರೆ ಅಂತ. ಫೋರ್ಟಿನ ಹೋಟೆಲ್ ಮಾಲೀಕರು ವಂತಿಗೆ ಕೊಡುತ್ತಾರೆ, ಆ ನೋಟ್ ಪುಸ್ತಕ ಹುಡುಗನ ಕೈ ಸೇರಿತೋ ಇಲ್ಲವೋ ಅವರು ನೋಡಿರುವುದಿಲ್ಲ. ಅಪ್ಪನ ಮಾತು ಮತ್ತು ಆ ವಾದ ಒಂದೇ ಅಂತ ಅವತ್ತು ಹೊಳೆಯಿತು, ಮೈ ಜುಮ್ಮೆಂದಿತು.

ಹೀಗೆ ಮಾಡಿ. ಪರಿಚಯದ ಯಾವುದಾದರೂ ಸಂಘದ ಹತ್ತು ವರ್ಷದ ವಾರ್ಷಿಕ ವರದಿ ಕೇಳಿ ತನ್ನಿ. ಹಿಂಬದಿಯ ಪುಟಗಳಲ್ಲಿ ಲೆಕ್ಕಪತ್ರ ಇರುತ್ತದೆ. ಮಹಾರಾಷ್ಟ್ರದಲ್ಲಿ ಸಂಘಗಳು 1860ರ ಸೊಸೈಟಿ ಕಾಯ್ದೆಯ ಜೊತೆಗೆ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆಯಲ್ಲೂ ನೋಂದಣಿ ಆಗಿರುತ್ತವೆ. ಲೆಟರ್‌ಹೆಡ್‌ನಲ್ಲಿ ಎಫ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಕಂಡರೆ ಅದು ಚಾರಿಟಿ ಕಮಿಷನರ್, ಅಂದರೆ ಟ್ರಸ್ಟುಗಳ ಮೇಲೆ ನಿಗಾ ಇಡುವ ಸರ್ಕಾರಿ ಅಧಿಕಾರಿಯ ಕಚೇರಿಯ ನೋಂದಣಿ. ಈ ಕಾಯ್ದೆಯ ಪ್ರಕಾರ ಆಸ್ತಿ-ಹೊಣೆಯ ತಖ್ತೆ (ಬ್ಯಾಲೆನ್ಸ್ ಶೀಟ್) ಶೆಡ್ಯೂಲ್ 8ರಲ್ಲಿ, ಆದಾಯ-ಖರ್ಚು ಶೆಡ್ಯೂಲ್ 9ರಲ್ಲಿ ಇರುತ್ತದೆ. ಹೊಸ ಸಮಿತಿ ಬಂದರೆ 90 ದಿನದೊಳಗೆ ಆ ಕಚೇರಿಗೆ ಚೇಂಜ್ ರಿಪೋರ್ಟ್, ಅಂದರೆ ಬದಲಾವಣೆಯ ವರದಿ, ಕೊಡಬೇಕು. ಹತ್ತು ವರ್ಷದ ಸದಸ್ಯತ್ವ ಶುಲ್ಕ, ದೇಣಿಗೆ, ಹಾಲ್ ಬಾಡಿಗೆ, ಬ್ಯಾಂಕ್ ಬಡ್ಡಿ, ಇವನ್ನು ಎಕ್ಸೆಲ್‌ನಲ್ಲಿ ಒಂದೊಂದು ಕಾಲಂ ಮಾಡಿ ಹಾಕಿ. ಸದಸ್ಯರ ದುಡ್ಡಿನಿಂದ ನಡೆಯುತ್ತಿದ್ದ ಸಂಘ ಬರಬರುತ್ತಾ ಹಾಲ್ ಬಾಡಿಗೆಯ ಮೇಲೆ ನಿಂತಿದೆಯಾ? ಹಾಗಾದರೆ ಮಹಾಸಭೆಗೆ ಬರುವವರ ಸಂಖ್ಯೆ ಏನಾಯಿತು? ಇಂಥ ಪ್ರಶ್ನೆ ಕಂಡು ನಿದ್ದೆ ಕೆಟ್ಟರೆ ಈ ದಾರಿ ನಿಮ್ಮದು. ಬೇಜಾರು ಬಂದರೆ ಬ್ಯಾಂಕ್ ಪರೀಕ್ಷೆ ಬರೆಯಿರಿ, ಅದರಲ್ಲಿ ಏನೂ ತಪ್ಪಿಲ್ಲ.

ಎಂ.ಎ. ಎಲ್ಲಿ?

ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಸಾರ್ವಜನಿಕ ಆಡಳಿತ, ರಾಜ್ಯಶಾಸ್ತ್ರ, ಸಮಾಜಕಾರ್ಯ, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್, ಯಾವ ಬಾಗಿಲಿಂದ ಬಂದರೂ ಈ ಮನೆಗೆ ಸೇರಬಹುದು. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಂದರೆ ಟಿಸ್, 1936ರಲ್ಲಿ ಸಮಾಜಕಾರ್ಯ ಶಾಲೆಯಾಗಿ ಶುರುವಾದದ್ದು. ಅಲ್ಲಿ ಸೀಟಿಗೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು. ಪುಣೆಯಲ್ಲಿ ಗೋಖಲೆ ಸಂಸ್ಥೆ ಇದೆ, 1930ರದ್ದು, ಅರ್ಥಶಾಸ್ತ್ರದ ಒಲವಿದ್ದವರಿಗೆ. ಗುಜರಾತಿನ ಆಣಂದ್‌ನಲ್ಲಿ ಗ್ರಾಮೀಣ ನಿರ್ವಹಣೆ ಕಲಿಸುವ ಇರ್ಮಾ ಇದೆ, ಸಹಕಾರ ಸಂಘಗಳ ನಿರ್ವಹಣೆ ಕಲಿಯಬೇಕಾದರೆ ಅದಕ್ಕಿಂತ ಒಳ್ಳೆಯ ಊರಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್‌ನಲ್ಲಿ ರಾಜ್ಯಶಾಸ್ತ್ರ ಓದಿ, ಮನೆಯಿಂದಲೇ ಲೋಕಲ್ ಟ್ರೈನ್‌ನಲ್ಲಿ ಓಡಾಡಿ, ಶುಲ್ಕ ಉಳಿಸಿದವರೂ ಚೆನ್ನಾಗಿಯೇ ಬಂದಿದ್ದಾರೆ. ಒಂದೇ ಒಂದು ಮಾತು ನೆನಪಿಡಿ: ಎಂ.ಎ.ಯಲ್ಲಿ 55 ಪರ್ಸೆಂಟ್ ಬೇಕೇ ಬೇಕು, ಮೀಸಲಾತಿ ಇದ್ದರೆ 50. ಅದು ಇಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಅಂಕಿ-ಅಂಶದ ಪೇಪರ್ ಐಚ್ಛಿಕವಾಗಿ ಸಿಕ್ಕರೆ ಭಯಪಟ್ಟು ಬಿಡಬೇಡಿ. ನಾನು ಬಿಟ್ಟೆ, ಪಿಎಚ್‌ಡಿಯ ಮೊದಲ ವರ್ಷ ಪೂರ್ತಿ ಅದನ್ನು ಕಲಿಯುವುದರಲ್ಲೇ ಕಳೆಯಿತು.

ಎರಡು ವರ್ಷ ಕೆಲಸ ಮಾಡಿ ಬನ್ನಿ

ಇದು ನಿಯಮವಲ್ಲ, ನನ್ನ ಅಭಿಪ್ರಾಯ. ಎಂ.ಎ. ಮುಗಿದ ಕೂಡಲೇ ಪಿಎಚ್‌ಡಿಗೆ ಹೋದವರಿಗೆ ಪುಸ್ತಕ ಗೊತ್ತಿರುತ್ತದೆ, ಸಂಸ್ಥೆಯ ಒಳಗಿನ ಸದ್ದು ಗೊತ್ತಿರುವುದಿಲ್ಲ. ಮುಂಬಯಿಯಲ್ಲಿ ಇದಕ್ಕೆ ಬರವಿಲ್ಲ. ಮಕ್ಕಳ ಶಿಕ್ಷಣದ ಕೆಲಸ ಮಾಡುವ ಪ್ರಥಮ್ ಇದೇ ಊರಿನ ಕೊಳೆಗೇರಿಗಳಲ್ಲಿ ಹುಟ್ಟಿದ ಸಂಸ್ಥೆ. ಪಾಲಿಕೆಯ 227 ವಾರ್ಡುಗಳ ಕೆಲಸದ ಲೆಕ್ಕ ಇಟ್ಟು ರಿಪೋರ್ಟ್ ಕಾರ್ಡ್ ಕೊಡುವ ಪ್ರಜಾ ಫೌಂಡೇಶನ್ ಇದೆ. ಕಂಪನಿಗಳ ಸಿಎಸ್‌ಆರ್, ಅಂದರೆ ಸಮಾಜಕ್ಕಾಗಿ ಖರ್ಚು ಮಾಡುವ ವಿಭಾಗಗಳಿವೆ. ಅಲ್ಲಿ ದೊಡ್ಡ ಹುದ್ದೆ ಹುಡುಕಬೇಡಿ. ಲೆಕ್ಕ ವಿಭಾಗದ ಪಕ್ಕದ ಕುರ್ಚಿ ಸಿಕ್ಕರೆ ಸಾಕು. ದಾನಿಗಳಿಗೆ ಬರೆಯುವ ವರದಿಗೂ, ಕಚೇರಿಯಲ್ಲಿ ನಿಜವಾಗಿ ನಡೆದದ್ದಕ್ಕೂ ಇರುವ ಅಂತರ ಆ ಕುರ್ಚಿಯಿಂದ ಕಾಣುವಷ್ಟು ಬೇರೆಲ್ಲಿಂದಲೂ ಕಾಣುವುದಿಲ್ಲ.

ನೆಟ್, ಜೆಆರ್‌ಎಫ್, ಸೆಟ್

ನೆಟ್ ಅಂದರೆ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪರವಾಗಿ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ, ವರ್ಷಕ್ಕೆ ಎರಡು ಸಲ. ಮೊದಲ ಪೇಪರ್ 50 ಪ್ರಶ್ನೆ, ಎರಡನೆಯದು ನಿಮ್ಮ ವಿಷಯದ್ದು 100 ಪ್ರಶ್ನೆ, ಒಟ್ಟು 300 ಅಂಕ, ಮೂರು ಗಂಟೆ, ತಪ್ಪಿಗೆ ಅಂಕ ಕಡಿತ ಇಲ್ಲ. ಸಾರ್ವಜನಿಕ ಆಡಳಿತ ಪ್ರತ್ಯೇಕ ವಿಷಯವಾಗಿ ಇದೆ. ಆದರೆ ನಿಮ್ಮ ಎಂ.ಎ. ಯಾವುದೋ ಅದರಲ್ಲೇ ಬರೆಯುವುದು ಮುಂದೆ ಕೆಲಸಕ್ಕೆ ಅನುಕೂಲ, ಯಾಕಂದರೆ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರದ ಹುದ್ದೆಗಳೇ ಜಾಸ್ತಿ. ಅದರಲ್ಲೇ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000, ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೂ ಮೀಸಲಾತಿಯವರಿಗೂ ಐದು ವರ್ಷ ರಿಯಾಯಿತಿ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಮಾತ್ರ ಬರೆಯುವವರಿಗೆ ವಯಸ್ಸಿನ ಕಟ್ಟಿಲ್ಲ, ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ ಬರೆದು ಪಾಸಾದ ಗೆಳತಿಯರಿದ್ದಾರೆ ನನಗೆ. 2024ರ ಜೂನ್ ಸುತ್ತಿನಿಂದ ನೆಟ್ ಅಂಕಗಳನ್ನೇ ಪಿಎಚ್‌ಡಿ ಪ್ರವೇಶಕ್ಕೂ ಪರಿಗಣಿಸುತ್ತಾರೆ.

ಮಹಾರಾಷ್ಟ್ರ ಮತ್ತು ಗೋವಾ ಎರಡಕ್ಕೂ ಸೇರಿ ಪುಣೆ ವಿಶ್ವವಿದ್ಯಾಲಯ ಎಂಎಚ್-ಸೆಟ್, ಅಂದರೆ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ, ನಡೆಸುತ್ತದೆ. ಅದನ್ನೂ ಬರೆಯಿರಿ. ಮುಂದೆ ಊರಿಗೆ ಹೋಗುವ ಮನಸ್ಸಿದ್ದರೆ ಕರ್ನಾಟಕದ ಕೆ-ಸೆಟ್ ಇದೆ.

ಪ್ರಶ್ನೆ ಮೊದಲು, ಗೈಡ್ ಆಮೇಲೆ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಇಲ್ಲಿ ಅವಸರ ಮಾಡಿದವರು ಆರು ವರ್ಷ ಅನುಭವಿಸುತ್ತಾರೆ. "ಎನ್‌ಜಿಒಗಳ ಪಾತ್ರ: ಒಂದು ಅಧ್ಯಯನ" ಅನ್ನುವುದು ಪ್ರಶ್ನೆಯೇ ಅಲ್ಲ. ಪ್ರಶ್ನೆ ಅಂದರೆ ಉತ್ತರ ಎರಡು ರೀತಿಯಲ್ಲಿ ಬರಬಹುದು, ಯಾವುದು ಬರುತ್ತದೆ ಅಂತ ನಿಮಗೂ ಗೊತ್ತಿರಬಾರದು.

ಒಂದೆರಡು ಹೇಳುತ್ತೇನೆ, ಬೇಕಾದವರು ಎತ್ತಿಕೊಳ್ಳಿ. 2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆ ತಿದ್ದುಪಡಿಯಾಗಿ ಆಡಳಿತ ಖರ್ಚಿನ ಮಿತಿ 50 ಪರ್ಸೆಂಟ್‌ನಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಚಿಕ್ಕ ಸಂಸ್ಥೆಗೆ ಆ ದುಡ್ಡು ದಾಟಿಸುವುದೂ ನಿಂತಿತು. ಆಗ ಧಾರಾವಿಯಂಥ ಕಡೆ ಕೆಲಸ ಮಾಡುವ ಚಿಕ್ಕ ಸಂಸ್ಥೆಗಳು ಯಾರನ್ನು ಕೆಲಸದಿಂದ ಬಿಟ್ಟವು? ಅಕೌಂಟೆಂಟನ್ನೋ, ಮನೆ ಮನೆಗೆ ಹೋಗುವ ಕಾರ್ಯಕರ್ತೆಯನ್ನೋ? ಇನ್ನೊಂದು: ಕಂಪನಿ ಕಾಯ್ದೆ 2013ರ 135ನೇ ಕಲಮಿನಿಂದ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು, ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಲಮು ಹೇಳುತ್ತದೆ. ಮುಂಬಯಿಯಲ್ಲಿ ಹೆಡ್ ಆಫೀಸ್ ಇರುವ ಕಂಪನಿಗೆ "ಸುತ್ತಲು" ಅಂದರೆ ಪಾಲ್ಘರ್‌ವರೆಗೆ ಹೋಗುತ್ತದಾ, ಇಲ್ಲ ದಾದರ್‌ನಲ್ಲೇ ನಿಲ್ಲುತ್ತದಾ? ಮೂರನೆಯದು ಪಾಲಿಕೆಯದು. 2022ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಆಯುಕ್ತರೇ ಆಡಳಿತಾಧಿಕಾರಿಯಾಗಿ ಪಾಲಿಕೆ ನಡೆಸಿದರು. ಆಗ ನಲ್ಲಿಯಲ್ಲಿ ನೀರು ಬಾರದ ಚಾಳಿನ ಹೆಂಗಸರು ಯಾರ ಬಾಗಿಲು ತಟ್ಟಿದರು?

ಹತ್ತಿರದ ವಿಷಯ ಚಿಕ್ಕದು ಅಂತ ಅಂದುಕೊಳ್ಳಬೇಡಿ. ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಂ ಅವರನ್ನು ನೆನೆಸಿಕೊಳ್ಳಿ. ಗಣಿತ ಸಾಲದು ಅಂತ ಅವರಿಗೆ ಅರ್ಥಶಾಸ್ತ್ರದ ಪಿಎಚ್‌ಡಿ ಸೀಟು ಸಿಗಲಿಲ್ಲ. ರಾಜ್ಯಶಾಸ್ತ್ರಕ್ಕೆ ಸೇರಿದರು. ತಾವಿದ್ದ ಲಾಸ್ ಏಂಜಲೀಸ್ ಕಡೆಯ ಜನ ಬಾವಿ-ಬೋರ್‌ವೆಲ್ ನೀರನ್ನು ಹಂಚಿಕೊಳ್ಳಲು ಹೇಗೆ ಕೂಡಿ ಕೂತು ನಿಯಮ ಮಾಡಿಕೊಂಡರು ಅನ್ನುವುದನ್ನೇ ಥೀಸಿಸ್ ಮಾಡಿ 1965ರಲ್ಲಿ ಮುಗಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಬಹುಮಾನ ಪಡೆದ ಮೊದಲ ಹೆಣ್ಣುಮಗಳು ಅವರು. ನಡುವೆ ನಲವತ್ತನಾಲ್ಕು ವರ್ಷ, ಅಷ್ಟೂ ವರ್ಷ ಕೆಲಸ.

ಪ್ರಶ್ನೆ ಗಟ್ಟಿಯಾದ ಮೇಲೆ ಗೈಡ್ ಹುಡುಕಿ. ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿ ಅವರ ವಿದ್ಯಾರ್ಥಿಗಳ ಥೀಸಿಸ್‌ಗಳು ಪುಕ್ಕಟೆ ಓದಲು ಸಿಗುತ್ತವೆ. ಎರಡು ಥೀಸಿಸ್ ಪೂರ್ತಿ ಓದಿ, ಮುನ್ನುಡಿಯಲ್ಲಿ ಗೈಡ್‌ಗೆ ಹೇಳಿದ ಥ್ಯಾಂಕ್ಸ್ ಕೂಡ ಓದಿ, ಎಷ್ಟು ವರ್ಷಕ್ಕೆ ಮುಗಿಸಿದರು ನೋಡಿ. ಆಮೇಲೆ ಎರಡು ಪುಟದ ಪತ್ರ ಬರೆಯಿರಿ. ದಾರಿ ಬೆಂಗಳೂರಿಗೆ ಹೋದರೂ ಹೋಗಲಿ: ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಅಲ್ಲಿದೆ, ಸಮಾಜ ವಿಜ್ಞಾನದ ಪಿಎಚ್‌ಡಿಗೆ ಒಳ್ಳೆಯ ಜಾಗ.

ಆ ಮೂರರಿಂದ ಆರು ವರ್ಷ

ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿಗೆ ಸಿಗುತ್ತದೆ, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ಇದು ಹಕ್ಕು, ಕೇಳಲು ಸಂಕೋಚ ಬೇಡ. ಮೊದಲ ವರ್ಷ ಕೋರ್ಸ್‌ವರ್ಕ್. ಆಮೇಲೆ ಊರು ಸುತ್ತುವ ಕೆಲಸ.

ಸರ್ಕಾರಿ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ನಿಮ್ಮ ಕೈಯ ಉಪಕರಣ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಪುಟಗಟ್ಟಲೆ ಬರೆಯಬೇಡಿ, ರಿಜಿಸ್ಟರಿನ ಹೆಸರು, ವಾರ್ಡು, ವರ್ಷ ಇಷ್ಟೇ ಹಾಕಿ. ಮರಾಠಿಯಲ್ಲಿ ಬರೆದರೆ ಗುಮಾಸ್ತರಿಗೂ ಸುಲಭ, ನಿಮಗೂ ಉತ್ತರ ಬೇಗ. ಮರಾಠಿ ಓದಲು-ಬರೆಯಲು ಬಾರದೆ ಈ ರಾಜ್ಯದ ಆಡಳಿತದ ಮೇಲೆ ಸಂಶೋಧನೆ ಮಾಡುವುದು ಆಗದ ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಜನರ ಹತ್ತಿರ ಹೋಗುವಾಗ ಭಾಷೆ ಇನ್ನೂ ಮುಖ್ಯ. ನನ್ನ ಥೀಸಿಸ್ ಚಿಕ್ಕ ವಲಸಿಗ ಸಂಘಗಳ ಮೇಲೆ. ಕಾಂದಿವಲಿಯಲ್ಲಿ ಹಿರಿಯರೊಬ್ಬರ ಮನೆಗೆ ಹೋದೆ, ರಾತ್ರಿ ಶಾಲೆಯಲ್ಲಿ ಕಲಿತು ಆಮೇಲೆ ಸ್ವಂತ ಹೋಟೆಲ್ ಮಾಡಿದವರು. ಇಂಗ್ಲಿಷಿನ ಒಪ್ಪಿಗೆ ಪತ್ರ ಮುಂದಿಟ್ಟೆ. ಕನ್ನಡಕ ಹಾಕಿ ನೋಡಿದರು, ಪಕ್ಕಕ್ಕಿಟ್ಟರು. "ಎಂಥದಮ್ಮಾ ಇದು, ಸಂಘದ ಮೇಲೆ ಕೇಸು ಉಂಟಾ?" ಅಂದರು. ಆ ದಿನ ಚಹಾ ಮಾತ್ರ ಸಿಕ್ಕಿತು. ಮುಂದಿನ ವಾರ ಅದನ್ನೇ ಕನ್ನಡದಲ್ಲಿ ಬರೆದುಕೊಂಡು ಹೋಗಿ, ತುಳುವಿನಲ್ಲಿ ಓದಿ ಹೇಳಿದ ಮೇಲೆ ಮೂರು ಗಂಟೆ ಮಾತಾಡಿದರು, ಮಂಚದ ಕೆಳಗಿಂದ ಟ್ರಂಕ್ ಎಳೆದು ಹಳೆಯ ಠರಾವು ಪುಸ್ತಕ ಕೈಗಿಟ್ಟರು.

ಪ್ರತಿ ಭೇಟಿಯ ರಾತ್ರಿಯೇ ಟಿಪ್ಪಣಿ ಬರೆಯಿರಿ, ಲೋಕಲ್‌ನಲ್ಲಿ ನಿಂತುಕೊಂಡಾದರೂ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಓದಿದ ಲೇಖನಗಳನ್ನು ಮೊದಲ ದಿನದಿಂದಲೇ ಝೊಟೆರೊ ಎಂಬ ಸಾಫ್ಟ್‌ವೇರ್‌ನಲ್ಲಿ ಜೋಡಿಸಿಡಿ, ಅದು ಪುಕ್ಕಟೆ ಸಿಗುತ್ತದೆ.

ಎಲ್ಲಿ ಪ್ರಕಟಿಸುವುದು

ಪಿಎಚ್‌ಡಿ ಸಲ್ಲಿಸಲು ಪ್ರಬಂಧ ಪ್ರಕಟಣೆ ಕಡ್ಡಾಯ ಎಂಬ ನಿಯಮ 2022ರಲ್ಲಿ ಯುಜಿಸಿ ತೆಗೆದಿದೆ, ಆದರೆ ಕೆಲಸ ಹುಡುಕುವಾಗ ಬೇಕು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಮೇಲ್ ದಿನವೂ ಬರುತ್ತದೆ. ಮುಟ್ಟಬೇಡಿ. ಹೆಸರು ಒಮ್ಮೆ ಅಲ್ಲಿ ಬಂದರೆ ಅಳಿಸಲು ಆಗುವುದಿಲ್ಲ. ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಇದೇ ಮುಂಬಯಿಯಿಂದ ಬರುತ್ತದೆ. ದೆಹಲಿಯ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆಯ ಜರ್ನಲ್ 1955ರಿಂದ ಇದೆ. ಲಾಭರಹಿತ ಸಂಸ್ಥೆಗಳ ವಿಷಯಕ್ಕೆ ಹೊರದೇಶದ ವೊಲುಂಟಾಸ್ ಎಂಬ ಜರ್ನಲ್ ಇದೆ. ತಿರಸ್ಕಾರದ ಪತ್ರ ಬಂದರೆ ಒಂದು ದಿನ ಬೇಜಾರು ಮಾಡಿಕೊಳ್ಳಿ, ಎರಡನೇ ದಿನ ಅವರ ಟೀಕೆಯನ್ನು ಸಾಲು ಸಾಲಾಗಿ ಬರೆದು ತಿದ್ದಲು ಕೂತುಕೊಳ್ಳಿ.

ಕೆಲಸ ಮತ್ತು ಸಂಬಳ

2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯವಲ್ಲ. ಕಾಯಂ ಹುದ್ದೆಯ ಮೂಲ ವೇತನ ₹57,700ರಿಂದ ಶುರು. ಆದರೆ ಅಲ್ಲಿಗೆ ಮುಟ್ಟುವ ಮೊದಲು ಹೆಚ್ಚಿನವರು ಸಿಎಚ್‌ಬಿಯಲ್ಲಿ, ಅಂದರೆ ಗಂಟೆಗಿಷ್ಟು ಅಂತ ಪಾಠ ಮಾಡುವ ವ್ಯವಸ್ಥೆಯಲ್ಲಿ, ದುಡಿಯುತ್ತಾರೆ. ನಾನೂ ಒಂದು ಕಾಲೇಜಿನಲ್ಲಿ ಮೂರು ವರ್ಷ ದುಡಿದೆ. ಒಂದು ವರ್ಷದ ಸಂಬಳ ಮುಂದಿನ ವರ್ಷ ಬಂತು, ರಜೆಯ ತಿಂಗಳಿಗೆ ಏನೂ ಇಲ್ಲ. ಮನೆಯಲ್ಲಿ ಗಂಡನ ಸಂಬಳ ಇದ್ದದ್ದರಿಂದ ತಡೆದುಕೊಂಡೆ. ಎಲ್ಲರಿಗೂ ಆ ಆಸರೆ ಇರುವುದಿಲ್ಲ, ಅದಕ್ಕೇ ಮುಚ್ಚಿಡದೆ ಹೇಳುತ್ತಿದ್ದೇನೆ. ಸೇರುವಾಗ ಗಂಟೆಯ ದರ, ವಾರಕ್ಕೆಷ್ಟು ಗಂಟೆ, ದುಡ್ಡು ಯಾವ ತಿಂಗಳಲ್ಲಿ, ಮೂರನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಕಾಲೇಜು ಒಂದೇ ದಾರಿಯಲ್ಲ. ಪುಣೆಯ ಯಶದಾದಲ್ಲಿ ಸರ್ಕಾರಿ ಅಧಿಕಾರಿಗಳಿಗೆ ತರಬೇತಿ ನಡೆಯುತ್ತದೆ. ಮುಂಬಯಿಯಲ್ಲಿ 1926ರಿಂದ ಅಖಿಲ ಭಾರತ ಸ್ಥಳೀಯ ಸ್ವಯಂ ಆಡಳಿತ ಸಂಸ್ಥೆ ಇದೆ. ಇಂಥ ಕಡೆ ಪಾಠ ಮಾಡುವವರೂ ಸಂಶೋಧಕರೂ ಬೇಕಾಗುತ್ತಾರೆ. ಹೊರದೇಶಕ್ಕೆ ಹೋಗುವವರಿಗೆ ಅಮೆರಿಕದ ಸಿರಾಕ್ಯೂಸ್, ಇಂಡಿಯಾನಾದಂಥ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೇ ದೊಡ್ಡ ಶಾಲೆಗಳಿವೆ. ಅಲ್ಲಿ ಪಿಎಚ್‌ಡಿಗೆ ಶುಲ್ಕ ಮಾಫಿಯ ಜೊತೆ ಸ್ಟೈಪೆಂಡ್ ಕೊಡುವ ಪದ್ಧತಿ ಇದೆ, ಅದಿಲ್ಲದ ಸೀಟಿಗೆ ಸಾಲ ಮಾಡಿ ಹೋಗಬೇಡಿ. ಮುಗಿಸಿದ ಮೇಲೆ ಸಹಾಯಕ ಪ್ರಾಧ್ಯಾಪಕರಾಗಿ ಸುಮಾರು ಆರು ವರ್ಷ ದುಡಿದ ಮೇಲೆಯೇ ಹುದ್ದೆ ಕಾಯಂ ಮಾಡುವ ಬಗ್ಗೆ ತೀರ್ಮಾನ.

ಬರೆದದ್ದನ್ನು ವಾಪಸ್ ಒಯ್ಯಿರಿ

ಸಲ್ಲಿಸುವ ಮೊದಲು ನಿಮ್ಮ ಅಧ್ಯಾಯವನ್ನು ಅದೇ ಜನರ ಮುಂದೆ ಅವರ ಭಾಷೆಯಲ್ಲಿ ಓದಿ. ನಾನು ಒಂದು ಸಂಘದ ಮಹಾಸಭೆಯಲ್ಲಿ, ಲೆಕ್ಕಪತ್ರ ಮಂಡನೆ ಆದ ಮೇಲೆ, ಹತ್ತು ನಿಮಿಷ ಕೇಳಿಕೊಂಡು ಕೋಷ್ಟಕ ತೋರಿಸಿದೆ. 1983ರಲ್ಲಿ ದೇಣಿಗೆ ಒಮ್ಮೆಲೇ ಏರಿತ್ತು. ಹೊಸ ಅಧ್ಯಕ್ಷರು ಬಂದ ವರ್ಷ ಅದು, ಅವರ ವರ್ಚಸ್ಸಿನಿಂದ ಅಂತ ನಾನು ಬರೆದಿದ್ದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. "ಅದು ದೇಣಿಗೆ ಅಲ್ಲಮ್ಮಾ. ಆ ವರ್ಷ ಷಣ್ಮುಖಾನಂದ ಹಾಲ್‌ನಲ್ಲಿ ಯಕ್ಷಗಾನ ಮಾಡಿಸಿದ್ದು ನಾವು. ಟಿಕೆಟ್ ಮಾರಿದ ದುಡ್ಡು ಅದು. ಬರೆಯುವಾಗ ದೇಣಿಗೆ ಅಂತ ಬರೆದದ್ದು." ಪಕ್ಕದವರು ಹೌದು ಹೌದು ಅಂದರು, ಯಾವ ಮೇಳ, ಯಾವ ಪ್ರಸಂಗ ಅಂತ ಮಾತು ಶುರುವಾಯಿತು.

ಸಂಘ ತಾನೇ ಸಂಪಾದಿಸಿದ ದುಡ್ಡಿಗೂ ಜನ ಕೊಟ್ಟ ದುಡ್ಡಿಗೂ ನಮ್ಮ ವಿಷಯದಲ್ಲಿ ಅಜಗಜಾಂತರ. ನಾಲ್ಕನೇ ಅಧ್ಯಾಯದ ವಾದ ನಿಂತದ್ದೇ ಆ ಒಂದು ಅಂಕಿಯ ಮೇಲೆ. ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಟಿಕೆಟ್ ಪುಸ್ತಕದ ಕೌಂಟರ್‌ಫಾಯಿಲ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ನಂಬರ್ ಅವರು ಓದಿದರು, ನಾನು ಬರೆದುಕೊಂಡೆ.